ನಂಬಿಕೆಯ ಸೂಲಗಿತ್ತಿ ಜೊತೆಗಿದ್ದು ಹೆರಿಗೆ: ಮೊದಲ ತಿಂಗಳುಗಳಿಂದ ಬಾಣಂತನದವರೆಗೆ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ನನ್ನ ಬಳಗದಲ್ಲಿ ಯಾರಾದರೂ ಬಸುರಿಯಾದಾಗ ಅವರ ಹೆಸರು ಈಗಲೂ ಬರುತ್ತದೆ, ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: "ಅಂಥವರು ಈಗ ಎಲ್ಲಿ ಸಿಗ್ತಾರೆ?"

ಸಿಗ್ತಾರೆ. ಆದರೆ ನೋವು ಶುರುವಾದ ಮೇಲೆ ಹುಡುಕಿದರೆ ಸಿಗಲ್ಲ. ಆಗ ಯಾರ ಡ್ಯೂಟಿ ಇರುತ್ತೋ ಅವರೇ ಗತಿ. ಐದನೇ ತಿಂಗಳಿನಲ್ಲೇ ಶುರು ಮಾಡಿದರೆ ಮುಖ ಪರಿಚಯವಿರುವ, ನಿಮ್ಮ ಹೆಸರು ಗೊತ್ತಿರುವ ಒಬ್ಬ ಕಸುಬುದಾರ ಹೆಂಗಸು ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿರುವ ಹಾಗೆ ಮಾಡಿಕೊಳ್ಳಬಹುದು. ಹೇಗೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಬಸಿರು ಯಾವ ಬಗೆಯದು ಅಂತ ತಿಳ್ಕೊಳ್ಳಿ

ಸೂಲಗಿತ್ತಿಯ ನೇತೃತ್ವದ ಹೆರಿಗೆ ಎಲ್ಲರಿಗೂ ಹೊಂದುವುದಿಲ್ಲ. ಹೊಟ್ಟೆಯಲ್ಲಿ ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿದೆ, ಬಿಪಿ ಸರಿಯಿದೆ, ಶುಗರ್ ಇಲ್ಲ, ರಕ್ತ ಚೆನ್ನಾಗಿದೆ, ಹಿಂದೆ ಸಿಸೇರಿಯನ್ ಆಗಿಲ್ಲ ಅಂದರೆ ಅದು ಹೆಚ್ಚು ಅಪಾಯವಿಲ್ಲದ ಬಸಿರು. ಇದರಲ್ಲಿ ಯಾವುದೇ ಒಂದು ತಪ್ಪಿದರೂ ಹೆರಿಗೆಯ ಹೊಣೆ ಡಾಕ್ಟರದ್ದೇ ಆಗಬೇಕು. ಆಗಲೂ ಸೂಲಗಿತ್ತಿ ಜೊತೆಗಿರಬಹುದು, ಆದರೆ ತೀರ್ಮಾನ ಅವಳದ್ದಲ್ಲ.

ಇದು ಗೊತ್ತಾಗುವುದು ತಪಾಸಣೆಯಿಂದ ಮಾತ್ರ. ಮುಟ್ಟು ನಿಂತ ಮೂರು ತಿಂಗಳೊಳಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಖಾಸಗಿ ಡಾಕ್ಟರ ಹತ್ತಿರ ತೋರಿಸುತ್ತಿದ್ದರೂ ಮಾಡಿಸಿ, ಸುಮ್ನೆ ಬಿಡಬೇಡಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಅವತ್ತು ಡಾಕ್ಟರೇ ನೋಡುತ್ತಾರೆ.

ಕಾರ್ಡಿನಲ್ಲಿ ಎರಡು ಅಂಕಿ ನೀವೇ ಓದಲು ಕಲಿಯಿರಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ಅದು ತುರ್ತು. ಬಿಪಿ 140/90 ಮುಟ್ಟಿದರೆ ಅದನ್ನು ಅವತ್ತೇ ಡಾಕ್ಟರು ನೋಡಬೇಕು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಅಂತ ಬೀರುವಿನಲ್ಲಿ ಬಚ್ಚಿಡೋರು ಬಹಳ ಜನ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಆ ಮಾತ್ರೆಯಿಂದಲೇ ಬರೋದು. ಕಾಫಿ, ಟೀ ಜೊತೆ ಬೇಡ. ನಿಂಬೆ ಪಾನಕದ ಜೊತೆ ತಗೊಳ್ಳಿ.

ಹೆರಿಗೆ ಎಲ್ಲಿ: ಗಂಡನ ಮನೆಯೋ, ತವರೋ?

ನಮ್ಮ ಕಡೆ ಸೂಲಗಿತ್ತಿಯ ಮೇಲೆ ನಂಬಿಕೆ ಬೆಳೆಯದೇ ಇರಲು ದೊಡ್ಡ ಕಾರಣ ಇದೇ ಅಂತ ನನಗನಿಸುತ್ತದೆ. ಆರು ತಿಂಗಳು ಬೆಂಗಳೂರಿನಲ್ಲಿ ತೋರಿಸಿಕೊಂಡಿರುತ್ತಾರೆ. ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಸೀಮಂತ. ಮಡಿಲು ತುಂಬಿಸಿಕೊಂಡು ತವರಿಗೆ ಹೊರಟರೆ ಅಲ್ಲಿ ಹೊಸ ಆಸ್ಪತ್ರೆ, ಹೊಸ ಸಿಸ್ಟರ್, ಹೊಸ ಡಾಕ್ಟರ್. ಹೆರಿಗೆಗೆ ಕೆಲವೇ ವಾರ ಇರುವಾಗ ಎಲ್ಲ ಮೊದಲಿನಿಂದ ಹೇಳಬೇಕು.

ತವರಿಗೆ ಹೋಗಬೇಡಿ ಅಂತ ಹೇಳುತ್ತಿಲ್ಲ. ಮೊದಲ ಹೆರಿಗೆಗೆ ಅಮ್ಮನ ಹತ್ತಿರ ಇರುವ ಸುಖ ಬೇರೆಯೇ. ಹೋಗುವುದು ಖಚಿತವಾದರೆ ಐದನೇ ತಿಂಗಳಿನಲ್ಲಿ ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗಲೇ ಅಲ್ಲಿನ ಆಸ್ಪತ್ರೆ ನೋಡಿ ಬನ್ನಿ. ತವರೂರಿನ ಆಶಾ ಕಾರ್ಯಕರ್ತೆಗೆ ಹೆಸರು, ದಿನ ತುಂಬುವ ತಾರೀಖು ಹೇಳಿ ಫೋನ್ ನಂಬರ್ ತಗೊಳ್ಳಿ. ತಾಯಿ ಕಾರ್ಡ್ ಯಾವ ಊರಿನದ್ದಾದರೂ ನಡೆಯುತ್ತದೆ, ಅದರ ಮೇಲಿನ ನಂಬರ್ ಒಂದೇ. ಸ್ಕ್ಯಾನಿಂಗ್ ರಿಪೋರ್ಟ್ ಮತ್ತು ರಕ್ತದ ರಿಪೋರ್ಟಿನ ಫೋಟೊಗಳು ಮೊಬೈಲ್‌ನಲ್ಲೂ ಇರಲಿ. ಹಳೆಯ ಫೈಲು ಗಂಡನ ಮನೆಯ ಅಟ್ಟದಲ್ಲಿ ಉಳಿದುಬಿಡುವುದು ಹೊಸದೇನಲ್ಲ.

ಇನ್ನು ಮನೆಯಲ್ಲೇ ಹೆರಿಗೆ ಮಾಡಿಕೊಳ್ಳಬಹುದಾ ಅಂತ ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಬೇಡ. ಒಂಬತ್ತು ತಿಂಗಳು ಎಲ್ಲ ಸರಿಯಿದ್ದವಳಿಗೂ ಮಗು ಹುಟ್ಟಿದ ಮೇಲೆ ರಕ್ತ ನಿಲ್ಲದೇ ಹೋಗಬಹುದು, ಮುನ್ಸೂಚನೆ ಇರುವುದಿಲ್ಲ. ಆಗ ಆಕ್ಸಿಟೋಸಿನ್ ಇಂಜೆಕ್ಷನ್, ಡ್ರಿಪ್, ರಕ್ತ ಬೇಕು. ಎಷ್ಟು ಪ್ರೀತಿಯ ಸೂಲಗಿತ್ತಿಯಾದರೂ ಬರಿಗೈಯಲ್ಲಿ ಅದನ್ನು ನಿಲ್ಲಿಸಲಾರಳು. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಹೆರಿಗೆಗೆ ಕೈ ಹಾಕಿದ ಕುಟುಂಬ ತಾಯಿಯನ್ನೇ ಕಳೆದುಕೊಂಡಿತು. ಮನೆಯ ನೆಮ್ಮದಿಯನ್ನು ಆಸ್ಪತ್ರೆಯೊಳಗೆ ತರುವುದು ಹೇಗೆ ಅಂತ ಯೋಚಿಸೋಣ.

ಯಾರನ್ನು ಹುಡುಕಬೇಕು

ಇವತ್ತು ಸೂಲಗಿತ್ತಿಯ ಕೆಲಸ ಮಾಡುವವರು ಬೇರೆ ಬೇರೆ ಹೆಸರಿನಲ್ಲಿದ್ದಾರೆ.

ಸರ್ಕಾರಿ ಆಸ್ಪತ್ರೆಯ ಲೇಬರ್ ವಾರ್ಡಿನ ಸಿಸ್ಟರ್‌ಗಳೇ ಮೊದಲನೆಯವರು. ತಾಲ್ಲೂಕು ಆಸ್ಪತ್ರೆಗಳಲ್ಲಿ ನಾರ್ಮಲ್ ಹೆರಿಗೆಗಳನ್ನು ಹೆಚ್ಚಾಗಿ ಮಾಡಿಸುವುದು ಇವರೇ. ಡಾಕ್ಟರು ಬರುವ ಹೊತ್ತಿಗೆ ಮಗು ಅಳುತ್ತಿರುತ್ತದೆ. ಹಳ್ಳಿಯ ಉಪಕೇಂದ್ರದಲ್ಲಿರುವ ಎಎನ್‌ಎಂ ಸಿಸ್ಟರ್ ಕೂಡ ತರಬೇತಾದವರೇ, ಮತ್ತೆ ನಿಮ್ಮನ್ನು ಪ್ರತಿ ತಿಂಗಳು ನೋಡುವವರು.

ಎರಡನೆಯವರು ಮಿಡ್‌ವೈಫ್ ಅಂತಲೇ ತರಬೇತಿ ಪಡೆದ ನರ್ಸ್‌ಗಳು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ತಂದಿತು. ಅನುಭವವಿರುವ ನರ್ಸ್‌ಗೆ 18 ತಿಂಗಳ ತರಬೇತಿ ಕೊಟ್ಟು, ಆಸ್ಪತ್ರೆಯ ಆವರಣದಲ್ಲೇ ಮಿಡ್‌ವೈಫ್‌ಗಳು ನಡೆಸುವ ಹೆರಿಗೆ ಘಟಕ ತೆರೆಯುವುದು ಅದರ ಲೆಕ್ಕ. ತೊಂದರೆಯಾದರೆ ಡಾಕ್ಟರು, ಆಪರೇಷನ್ ಥಿಯೇಟರ್ ಪಕ್ಕದಲ್ಲೇ. ನೆರೆಯ ತೆಲಂಗಾಣದಲ್ಲಿ ಈ ಕೆಲಸ ಅದಕ್ಕೂ ಮೊದಲೇ, 2017ರಲ್ಲಿ ಶುರುವಾಗಿತ್ತು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇಂಥ ಘಟಕ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಬೆಂಗಳೂರು, ಹೈದರಾಬಾದ್‌ನಂಥ ಊರುಗಳಲ್ಲಿ ಖಾಸಗಿಯಾಗಿಯೂ ಮಿಡ್‌ವೈಫ್ ಸೇವೆ ಸಿಗುತ್ತದೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ, ದುಡ್ಡೂ ಜಾಸ್ತಿ. ಅಲ್ಲಿ ಒಂದು ವಿಷಯ ಸೂಕ್ಷ್ಮವಾಗಿ ವಿಚಾರಿಸಿ. ಕೆಲವರು 'ಡೌಲಾ' ಅಂತ ಕರೆದುಕೊಳ್ಳುತ್ತಾರೆ. ಡೌಲಾ ಧೈರ್ಯ ಹೇಳುತ್ತಾಳೆ, ಸೊಂಟ ಒತ್ತುತ್ತಾಳೆ, ಉಸಿರಾಟ ಹೇಳಿಕೊಡುತ್ತಾಳೆ, ಆದರೆ ಹೆರಿಗೆ ಮಾಡಿಸುವ ತರಬೇತಿ ಅವಳಿಗಿರುವುದಿಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯಾ ಅಂತ ಕೇಳಿದರೆ ವ್ಯತ್ಯಾಸ ತಿಳಿದುಹೋಗುತ್ತದೆ.

ಕೊನೆಯವರು ಊರಿನ ಹಳೇ ಸೂಲಗಿತ್ತಿ ಅಜ್ಜಿಯರು. ಒಂದು ಸೀರೆ, ಎರಡು ಸೇರು ಅಕ್ಕಿಗೆ ಊರಿನ ಅರ್ಧ ಜನರನ್ನು ಭೂಮಿಗೆ ತಂದವರು. ಅವರ ಕೈಯಲ್ಲಿ ಹೆರಿಗೆ ಮಾಡಿಸಿಕೊಳ್ಳುವ ಕಾಲ ಮುಗಿದಿದೆ. ಆದರೆ ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿ ಕೂರಲು, ಬಾಣಂತಿಗೆ ನೀರೆರೆಯಲು, ಮಗುವಿಗೆ ಎದೆ ಹಿಡಿಸಲು ಅವರಿಗಿಂತ ಒಳ್ಳೆಯವರು ಸಿಗುವುದು ಕಷ್ಟ. ನಿಮ್ಮೂರಿನಲ್ಲಿ ಅಂಥವರಿದ್ದರೆ ಹೆರಿಗೆಗೆ ಜೊತೆಗೆ ಕರೆದುಕೊಂಡು ಹೋಗಿ.

ನಂಬಬಹುದಾ ಅಂತ ತಿಳಿಯೋದು ಹೇಗೆ

ನಗುನಗುತ್ತಾ ಮಾತಾಡೋರೆಲ್ಲ ನಂಬಿಕಸ್ತರಲ್ಲ, ಗದರುವವರೆಲ್ಲ ಕೆಟ್ಟವರಲ್ಲ. ನಾನು ಒಂದೇ ಪ್ರಶ್ನೆಯ ಮೇಲೆ ಅಳೆಯುತ್ತೇನೆ: "ಯಾವಾಗ ನೀವು ನನ್ನನ್ನು ಡಾಕ್ಟರ ಹತ್ತಿರ ಕಳಿಸ್ತೀರಾ ಸಿಸ್ಟರ್?"

"ಅಯ್ಯೋ, ಅಂಥದ್ದೇನೂ ಆಗಲ್ಲ ಬಿಡಮ್ಮ, ನಾನಿಲ್ವಾ" ಅಂದರೆ ಸ್ವಲ್ಪ ಯೋಚನೆ ಮಾಡಿ. "ಮಗು ಎದೆಬಡಿತ ಇಳಿದ್ರೆ, ನೀರು ಹಸಿರಾಗಿ ಹೋದ್ರೆ, ಬಿಪಿ ಏರಿದ್ರೆ, ನೋವು ಚೆನ್ನಾಗಿದ್ರೂ ಗರ್ಭಕೋಶದ ಬಾಯಿ ತೆರೀದೇ ಇದ್ರೆ ಒಂದು ನಿಮಿಷ ಕಾಯಲ್ಲ, ಡಾಕ್ಟರನ್ನ ಕರೀತೀನಿ" ಅಂತ ಬೆರಳು ಮಡಚಿ ಎಣಿಸಿದರೆ ಅವರನ್ನು ಬಿಡಬೇಡಿ. ತನ್ನ ಕೈಗೆ ಎಷ್ಟಾಗುತ್ತದೆ ಅಂತ ಗೊತ್ತಿರುವವಳ ಕೈಗೆ ಜೀವ ಒಪ್ಪಿಸಬಹುದು.

ಜೊತೆಗೆ ಇವನ್ನೂ ಕೇಳಿ. ನೋವಿನಲ್ಲಿ ಓಡಾಡಲು, ಕೂರಲು ಬಿಡುತ್ತೀರಾ, ಮಲಗಿಯೇ ಇರಬೇಕಾ? ಕುಡಿಯಲು, ತಿನ್ನಲು ಏನಾದರೂ ಕೊಡಬಹುದಾ? ಕೆಳಗೆ ಕೊಯ್ದು ಹೊಲಿಗೆ ಹಾಕುವುದು ಎಲ್ಲರಿಗೂ ಮಾಡುತ್ತೀರಾ, ಬೇಕಾದಾಗ ಮಾತ್ರವಾ? ನಿಮ್ಮ ಡ್ಯೂಟಿ ಇಲ್ಲದಿದ್ದರೆ ಯಾರಿರುತ್ತಾರೆ, ಅವರನ್ನೂ ಒಮ್ಮೆ ನೋಡಬಹುದಾ? ಈ ಕೊನೆಯ ಪ್ರಶ್ನೆ ಕೇಳುವುದನ್ನು ಜನ ಮರೆಯುತ್ತಾರೆ. ಶಿಫ್ಟ್ ಬದಲಾಗುವುದು ಖಂಡಿತ, ಅಲ್ವಾ? ಆದ್ದರಿಂದ ಇಬ್ಬರು ಮೂವರ ಪರಿಚಯ ಮಾಡಿಕೊಂಡಿರುವುದು ಜಾಣತನ.

ಕೊಯ್ದು ಹೊಲಿಗೆ ಹಾಕುವುದನ್ನು ಎಲ್ಲರಿಗೂ ಮಾಡಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕೂದಲು ತೆಗೆಯುವುದು, ಎನಿಮಾ ಕೊಡುವುದೂ ಹಾಗೆಯೇ, ಎಲ್ಲರಿಗೂ ಬೇಕಿಲ್ಲ. ಜಗಳಕ್ಕೆ ನಿಲ್ಲಬೇಡಿ, ಮೆತ್ತಗೆ ಕೇಳಿ. ಕೇಳುವ ಬಸುರಿಯನ್ನು ಒಳ್ಳೆಯ ಸಿಸ್ಟರ್ ಇಷ್ಟಪಡುತ್ತಾರೆ.

ಒಳಗೆ ಜೊತೆಗಿರೋರು ಯಾರು

2016ರಿಂದ ಸರ್ಕಾರಿ ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಿ ಬಸುರಿಯ ಜೊತೆ ಒಬ್ಬರು ಇರಲು ಅವಕಾಶವಿದೆ. ತಾನೂ ಹೆತ್ತಿರುವ ಹೆಂಗಸಾದರೆ ಒಳ್ಳೆಯದು ಅಂತ ನಿಯಮದಲ್ಲೇ ಇದೆ. ಮರೆ ಇರುವ ಕೋಣೆಯಾದರೆ ಗಂಡನನ್ನೂ ಬಿಡುತ್ತಾರೆ. ಎಲ್ಲ ಕಡೆ ಇದು ಪಾಲನೆಯಾಗುವುದಿಲ್ಲ, ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಯಾರನ್ನು ಆರಿಸಬೇಕು? ಅಮ್ಮನೇ ಆಗಬೇಕು ಅಂತೇನಿಲ್ಲ. ಮಗಳು ನರಳುವುದನ್ನು ನೋಡಲಾಗದೆ ತಾವೇ ಅಳುವ ಅಮ್ಮಂದಿರಿದ್ದಾರೆ. ಗಟ್ಟಿ ಮನಸ್ಸಿನ ಅತ್ತಿಗೆಯೋ, ಚಿಕ್ಕಮ್ಮನೋ ಮೇಲು. "ನಮ್ಮ ಕಾಲದಲ್ಲಿ ಹೊಲದಲ್ಲೇ ಹೆತ್ತಿದ್ವಿ" ಅನ್ನುವವರನ್ನು ಮಾತ್ರ ಹೊರಗೆ ಕಾಫಿ ಕೊಟ್ಟು ಕೂರಿಸಿ.

ಚೀಲ, ಕಾಗದ, ಗಾಡಿ

36 ವಾರಕ್ಕೆ ಚೀಲ ಕಟ್ಟಿಡಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್. ಎರಡು ನೈಟಿ, ಪ್ಯಾಡ್, ಒಗೆದು ಬಿಸಿಲಲ್ಲಿ ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡುಗಳು, ಮಗುವಿಗೆ ಟೋಪಿ. 108 ನಂಬರ್ ಎಲ್ಲರಿಗೂ ಗೊತ್ತು. ಆದರೆ ರಾತ್ರಿ ಹೊತ್ತು ನೆಟ್‌ವರ್ಕ್ ಇಲ್ಲದ ಊರಾದರೆ ಪಕ್ಕದ ಮನೆಯ ಆಟೋ ಅಥವಾ ಕಾರಿನವರಿಗೂ ಮೊದಲೇ ಹೇಳಿಡಿ. ಮಲೆನಾಡಿನ ಮಳೆಗಾಲದಲ್ಲಿ ದಿನ ತುಂಬುವವರು ಒಂದು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಹೋಗಿರುವುದು ಕ್ಷೇಮ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲವೂ ಉಚಿತ. ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಚಿತ. ಇದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಕ್ಕು. ಹೆಣ್ಣೋ ಗಂಡೋ ಅಂತ ಹೇಳುವ ಮುಂಚೆ ಕೈ ಚಾಚಿದರೆ ಕೊಡಬೇಕಾಗಿಲ್ಲ.

ನೋವು ಶುರುವಾದಾಗ

ಸುಳ್ಳು ನೋವು ಬರುತ್ತದೆ, ಹೋಗುತ್ತದೆ, ಓಡಾಡಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಬರಬರುತ್ತಾ ಹತ್ತಿರವಾಗುತ್ತದೆ, ಬೆನ್ನಿನಿಂದ ಮುಂದಕ್ಕೆ ಬರುತ್ತದೆ. ಚೊಚ್ಚಲ ಹೆರಿಗೆಯಾದರೆ ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ ಇರುವ ನೋವು, ಒಂದು ಗಂಟೆ ಹೀಗೇ ನಡೆದರೆ ಹೊರಡಿ. ಎರಡನೇ ಹೆರಿಗೆಯಾದರೆ ಅಷ್ಟು ಕಾಯಬೇಡಿ. ಆಸ್ಪತ್ರೆ ದೂರವಿದ್ದರೂ ಕಾಯಬೇಡಿ.

ಇವು ಕಂಡರೆ ನೋವಿಗೆ ಕಾಯದೆ ತಕ್ಷಣ ಹೋಗಬೇಕು: ರಕ್ತ ಹೋಗುವುದು, ನೀರು ಒಡೆಯುವುದು (ಹಸಿರು ಅಥವಾ ಕಂದು ಬಣ್ಣವಿದ್ದರಂತೂ ಓಡಿ), ಮಗುವಿನ ಅಲುಗಾಟ ಕಡಿಮೆಯಾಗುವುದು, ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಊದುವುದು, ಜ್ವರ, ಫಿಟ್ಸ್.

ಆಸ್ಪತ್ರೆ ಸೇರಿದ ಮೇಲೆ ಒಳ್ಳೆಯ ಸೂಲಗಿತ್ತಿ ಏನು ಮಾಡುತ್ತಾಳೆ ಅಂತ ತಂಗಿಯ ಹೆರಿಗೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಹೊರಗಿನಿಂದ ನೋಡುವವರಿಗೆ ಆ ಸಿಸ್ಟರ್ ಏನೂ ಮಾಡುತ್ತಿಲ್ಲ ಅನಿಸುತ್ತಿತ್ತು. ಸ್ಟೂಲ್ ಎಳೆದುಕೊಂಡು ಕೂತು ಅಂಗೈಯನ್ನು ಹೊಟ್ಟೆಯ ಮೇಲೆ ಹಗುರವಾಗಿ ಇಟ್ಟಿದ್ದರು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಲು ಶುರುವಾದಾಗ ಗಡಿಯಾರ ನೋಡುತ್ತಿದ್ದರು, ಮೆತ್ತಗಾದಾಗ ಮತ್ತೆ ನೋಡುತ್ತಿದ್ದರು. ಹತ್ತು ನಿಮಿಷದಲ್ಲಿ ಎಷ್ಟು ನೋವು, ಒಂದೊಂದು ಎಷ್ಟು ಸೆಕೆಂಡು, ಅಷ್ಟನ್ನು ಚಾರ್ಟಿನಲ್ಲಿ ಗುರುತು ಹಾಕುತ್ತಿದ್ದರು. ನೋವು ಇಳಿದ ಕೂಡಲೇ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದರು. ನಿಮಿಷಕ್ಕೆ 110ರಿಂದ 160 ಇರಬೇಕು. ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಕೇಳಬೇಕು. ನಿಮ್ಮ ಜೊತೆಗಿರೋರಿಗೆ ಇದೊಂದು ಹೇಳಿಕೊಡಿ: ತುಂಬಾ ಹೊತ್ತಾದರೂ ಯಾರೂ ಎದೆಬಡಿತ ಕೇಳದಿದ್ದರೆ "ಸಿಸ್ಟರ್, ಒಂದ್ಸಲ ಮಗು ನೋಡ್ತೀರಾ?" ಅಂತ ನೆನಪಿಸಬೇಕು.

ಈ ಹೊತ್ತಿನಲ್ಲಿ ನಡೆಯಿರಿ, ಗೋಡೆ ಹಿಡಿದು ಸೊಂಟ ಆಡಿಸಿ, ಎಡಮಗ್ಗುಲಿಗೆ ಮಲಗಿ. ಯಾವುದು ಹಿತವೋ ಅದು. ಮಜ್ಜಿಗೆ, ಎಳನೀರು, ಗಂಜಿ ಸಿಸ್ಟರ್ ಒಪ್ಪಿದರೆ ಗುಟುಕು ಗುಟುಕಾಗಿ ಕುಡಿಯಿರಿ. ಗಂಟೆಗೆ ಒಂದು ಸೆಂಟಿಮೀಟರ್ ಬಾಯಿ ತೆರೆಯಲೇಬೇಕು ಅಂತಿದ್ದ ಹಳೇ ಲೆಕ್ಕವನ್ನು ಈಗ ಬಿಟ್ಟಿದ್ದಾರೆ. ಐದು ಸೆಂಟಿಮೀಟರ್ ಆದ ಮೇಲೆಯೇ ಚುರುಕಾದ ಹೆರಿಗೆ ಶುರು ಅಂತ ಲೆಕ್ಕ. ತಾಯಿ ಮಗು ಚೆನ್ನಾಗಿದ್ದರೆ ಅದಕ್ಕೂ ಮೊದಲು ನೋವು ಏರಿಸುವ ಡ್ರಿಪ್‌ಗೆ ಆತುರವಿಲ್ಲ. ಯಾಕೆ ಹಾಕುತ್ತಿದ್ದಾರೆ ಅಂತ ಕೇಳುವ ಹಕ್ಕು ನಿಮಗಿದೆ.

ಮಗುವಿನ ತಲೆ ಕಾಣುವಾಗ ಅಕ್ಕಪಕ್ಕದವರೆಲ್ಲ "ಮುಕ್ಕು, ಮುಕ್ಕು" ಅಂತ ಕೂಗುತ್ತಾರೆ. ಆ ಸಿಸ್ಟರ್ ಎಲ್ಲರನ್ನೂ ಸುಮ್ಮನಾಗಿಸಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಳಗೆ ಒತ್ತಿ ಹಿಡಿದು, "ಈಗ ಮುಕ್ಕಬೇಡ ತಾಯಿ, ಬಿಸಿ ಕಾಫಿ ಆರಿಸೋ ಹಾಗೆ ಊದು" ಅಂದರು. ತಲೆ ನಿಧಾನವಾಗಿ ಬಂತು. ಹಾಗೆ ನಿಧಾನವಾಗಿ ಬಂದರೆ ಹರಿಯುವುದು ಕಡಿಮೆ. ಬಿಸಿ ಬಟ್ಟೆಯೂ ಸಹಾಯ ಮಾಡುತ್ತದೆ. ಮಗು ಹೊರಬರಲಿ ಅಂತ ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತಲು ಬಂದವರನ್ನು ಮಾತ್ರ ಖಂಡಿತ ತಡೆಯಿರಿ, ಅದು ಅಪಾಯ.

ಮಗು ಬಂದ ಮೇಲಿನ ಮೊದಲ ಗಂಟೆ

ಈ ಒಂದು ಗಂಟೆಯನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಅತ್ತ ಮಗುವನ್ನು ಒರೆಸಿ ನೇರ ನಿಮ್ಮ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಬೇಕು, ಮೇಲೊಂದು ಬಟ್ಟೆ. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷವಾದರೂ ಬಿಟ್ಟರೆ ಮಗುವಿಗೆ ರಕ್ತ ಹೆಚ್ಚು ಸಿಗುತ್ತದೆ. ತೂಕ, ಫೋಟೊ, ಸ್ವೀಟು ಆಮೇಲೆ ಆಗಲಿ. ಗಿಣ್ಣುಹಾಲು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ, ಅಜ್ಜಿ ಎಷ್ಟೇ ಪ್ರೀತಿಯಿಂದ ತಂದಿದ್ದರೂ ಬೇಡ.

ಇದೇ ಹೊತ್ತಿಗೆ ನಿಮ್ಮ ತೊಡೆಗೊಂದು ಇಂಜೆಕ್ಷನ್ ಬೀಳುತ್ತದೆ. ಆಕ್ಸಿಟೋಸಿನ್ ಅದು, ರಕ್ತ ನಿಲ್ಲಿಸಲು. ಬೇಡ ಅನ್ನಬೇಡಿ. ಮಾಸು ಪೂರ್ತಿ ಬಂದಿದೆಯಾ ಅಂತ ಸಿಸ್ಟರ್ ತಿರುಗಿಸಿ ನೋಡುತ್ತಾರೆ, ಹೊಟ್ಟೆ ಒತ್ತಿ ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಪದೇ ಪದೇ ನೋಡುತ್ತಾರೆ. ನೋವಾಗುತ್ತದೆ, ತಡೆದುಕೊಳ್ಳಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ತಲೆ ಸುತ್ತಿದರೆ ಕೂಗಿ ಕರೆಯಿರಿ. ನಾರ್ಮಲ್ ಆದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. "ಚೆನ್ನಾಗಿದೀನಲ್ಲ, ಮನೆಗೆ ಹೋಗ್ತೀನಿ" ಅಂತ ಬರೆದುಕೊಟ್ಟು ಹೋಗಬೇಡಿ.

ಬಾಣಂತನದಲ್ಲಿ

ಸೂಲಗಿತ್ತಿಯ ಕೆಲಸ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವಿನ ತೂಕ, ಉಷ್ಣ, ನಿಮ್ಮ ಆರೋಗ್ಯ ನೋಡಬೇಕು. ಬರದಿದ್ದರೆ ಫೋನ್ ಮಾಡಿ ಕರೆಸಿ. ಎದೆ ಕಟ್ಟಿಕೊಂಡರೆ, ತೊಟ್ಟು ಒಡೆದರೆ, ಹೊಲಿಗೆಯಲ್ಲಿ ನೋವು ಜಾಸ್ತಿಯಾದರೆ ಹೆರಿಗೆ ಮಾಡಿಸಿದ ಸಿಸ್ಟರ್‌ಗೇ ಕೇಳಿ, ಸಂಕೋಚ ಬೇಡ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಹಾಲು ಕುಡಿಸುವವಳಿಗೆ ಬಾಯಾರಿದಷ್ಟು ನೀರು ಬೇಕು. ಕಾಯಿಸಿ ಆರಿಸಿ ಕೊಡಿ ಅಂದರೆ ಅತ್ತೆಯವರೂ ಒಪ್ಪುತ್ತಾರೆ. ಎಣ್ಣೆ ನೀರು, ಮೆಂತ್ಯದ ಉಂಡೆ, ಸಬ್ಬಸಿಗೆ ಸೊಪ್ಪಿನ ಸಾರು ಎಲ್ಲ ಇರಲಿ. ಹೊಗೆ ಹಾಕುವ ಕೋಣೆಯಿಂದ ಮಗುವನ್ನು ದೂರ ಇಡಿ. ಹೊಕ್ಕುಳಿಗೆ ಅರಿಶಿನ, ಎಣ್ಣೆ, ಪೌಡರ್ ಏನನ್ನೂ ಹಚ್ಚಬೇಡಿ, ಒಣಗಿ ತಾನೇ ಬೀಳುತ್ತದೆ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ಮುಂದುವರಿಯಬೇಕು.

ಮೊದಲ ವಾರ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ನಿದ್ದೆ ಬರದೆ, ಮಗು ಬೇಡ ಅನಿಸುತ್ತಿದ್ದರೆ "ಎಲ್ಲರಿಗೂ ಹೀಗೇ" ಅಂತ ಸುಮ್ಮನಿರದೆ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರೇ ಕಳಿಸಿರುತ್ತಾರೆ, ಆದರೂ ಅಪ್ಪ ಅಮ್ಮನ ಹೆಸರಿನ ಅಕ್ಷರ ಸರಿಯಿದೆಯಾ ಅಂತ ಡಿಸ್ಚಾರ್ಜ್ ಆಗುವ ಮೊದಲೇ ನೋಡಿಕೊಳ್ಳಿ. ಆರು ವಾರಕ್ಕೆ ಮಗುವಿನ ಲಸಿಕೆಗೆ ಹೋದಾಗ ನಿಮ್ಮ ಬಿಪಿ, ಹಿಮೋಗ್ಲೋಬಿನ್ ಕೂಡ ನೋಡಿಸಿ. ಮುಂದಿನ ಮಗುವಿಗೆ ಎಷ್ಟು ಅಂತರ ಬೇಕು, ಅಲ್ಲಿಯವರೆಗೆ ಏನು ಬಳಸಬೇಕು ಅನ್ನೋದನ್ನೂ ಅದೇ ಸಿಸ್ಟರ್ ಹತ್ತಿರ ಕೇಳಿಬಿಡಿ.